ಬಚ್ಚಲ ಗೋಡೆಯ ಸಂದಿಗೆ

ಯಾರದು, ಜಳಕಕ್ಕೆ ಬಂದವರು ಮೈ ತೊಳೆದುಕೊಂಡು ಹೋಗುವುದು ಬಿಟ್ಟು ಗೋಡೆಯ ಸಂದಿಗೆ ಕೈಹಾಕಿದ್ದು? ಮಂದಿಯ ಚೀಟಿ ಓದುವ ಚಟ ನಿನಗೆ ಯಾರು ಕಲಿಸಿದರು? ಇದು ಸತ್ತವಳಿಗೆ ಬರೆದದ್ದು. ನೀನು ಸತ್ತಿಲ್ಲವಾದರೆ ಇದು ನಿನಗಲ್ಲ. ಮಡಚು, ಇದ್ದಲ್ಲೇ ತುರುಕು, ನಡೆ.

ಅಕ್ಕಾ,

ಇನ್ನು ನಮ್ಮಿಬ್ಬರ ಮಾತು. ನಾನು ನಿನ್ನ ನೆಗೆಣ್ಣಿ, ನಿನ್ನ ಮೈದುನನ ಹೆಂಡತಿ ನೀಲವ್ವ. ನಾಲ್ಕನೇ ಇಯತ್ತೆಯ ಅಕ್ಷರ, ಸೊಟ್ಟಗಿವೆ. ನಿನಗೆ ಅಷ್ಟೂ ಬರುತ್ತಿರಲಿಲ್ಲ, ಆದ್ದರಿಂದ ನಗಬೇಡ. ಅಲ್ಲಿ ಓದಿ ಹೇಳುವವರು ಯಾರಾದರೂ ಇದ್ದೇ ಇರುತ್ತಾರೆ. ಬಾಯಿ ಬಿಗಿ ಇರುವವರನ್ನು ನೋಡಿ ಓದಿಸಿಕೋ. ಈ ಮಾತು ಊರಾಡುವಂಥದ್ದಲ್ಲ.

ನಾನು ಮದುವೆಯಾಗಿ ಹೊಂಬಳಕ್ಕೆ ಬಂದ ಮೊದಲ ಶುಕ್ರವಾರ ನೆನಪಿದೆಯೇ? ತಲೆ ತುಂಬ ಹೇನು. ಅತ್ತೆಗೆ ಗೊತ್ತಾದರೆ ತವರಿನ ಮಾನ ಹೋಯಿತು ಎಂದು ಹಿತ್ತಲಲ್ಲಿ ಅಳುತ್ತ ನಿಂತಿದ್ದೆ. ನೀನು ರಟ್ಟೆ ಹಿಡಿದು ಬಚ್ಚಲಿಗೆ ಎಳೆದು ಅಗಳಿ ಹಾಕಿದೆ. ಹಂಡೆಯ ಬಿಸಿನೀರು ಹೊಯ್ದು, ಸೀಗೆಪುಡಿ ಕಲಸಿ, ನೆತ್ತಿಯ ಚರ್ಮ ಕಿತ್ತು ಬರುವ ಹಾಗೆ ತಿಕ್ಕಿದೆ. "ಕಣ್ಣ ಮುಚ್ಚಲೇ ನೀಲಿ. ಸೀಗಿ ಹೊಕ್ಕರ ಅತ್ತಿ ಎರಡಾಗಿ ಕಾಣ್ತಾಳ, ಒಬ್ಬಾಕಿನ್ನ ತಡಕೊಳ್ಳಾಕ ಆಗವಲ್ದು" ಎಂದಿದ್ದೆ. ಅಳುವವಳಿಗೆ ನಗು ಬಂದು ನೊರೆಯೆಲ್ಲ ಬಾಯಿಗೆ ಹೋಯಿತು. ಆ ಹೇನಿನ ಸುದ್ದಿಯನ್ನು ಸಾಯುವವರೆಗೂ ನೀನು ಯಾರ ಮುಂದೆಯೂ ಆಡಲಿಲ್ಲ. ಗುಟ್ಟು ಇಟ್ಟುಕೊಳ್ಳುವುದರಲ್ಲಿ ನಿನ್ನಂಥವಳಿಲ್ಲ ಎಂದು ನನಗೆ ಅವತ್ತೇ ಗೊತ್ತಾಗಬೇಕಿತ್ತು.

ಯುಗಾದಿ ಮುಗಿಯಿತೆಂದರೆ ನೀನು ಮುಂಡರಗಿ ಸಂತೆಯಿಂದ ಸೀಗೆಕಾಯಿ ತರಿಸುತ್ತಿದ್ದೆ. ಅಂಟವಾಳ, ಮೆಂತ್ಯ, ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ ಎಲ್ಲ ಸೇರಿಸಿ ನೀನು ಕುಟ್ಟಬೇಕು, ನಾನು ಹಳೆಯ ಸೀರೆಯಲ್ಲಿ ಸೋಸಬೇಕು. ಇಬ್ಬರೂ ಸೀನಿ ಸೀನಿ ಸುಸ್ತಾಗಬೇಕು. ಎಪ್ಪತ್ತು ದಾಟಿದ ಮೇಲೂ ನಿನ್ನ ಹೆರಳು ಸೊಂಟ ಮುಟ್ಟುತ್ತಿತ್ತು. ನನ್ನದು ಇಲಿಬಾಲ, ಅದು ಬೇರೆ ಮಾತು. ಆದರೆ ಊರಲ್ಲಿ ಯಾರು ಶಾಂಪೂ ಹೆಸರು ಎತ್ತಿದರೂ ನಾನು ನಿನ್ನ ಹೆರಳು ತೋರಿಸುತ್ತಿದ್ದೆ. ತೋರಿಸಿ ಬೈಯುತ್ತಿದ್ದೆ. ನನ್ನ ಬಾಯಿಗೆ ನಿನ್ನ ತಲೆಯೇ ಬಲ.

ನೀನು ಹೋಗಿ ಎರಡು ವರ್ಷ. ಹೋದ ದೀಪಾವಳಿಯ ಮರುದಿನ ಮೊಮ್ಮಗಳು ರೇಣಿ ಹಣಿಗೆ ತಂದು ನನ್ನ ಮುಂದೆ ಹಿಡಿದಳು. ಹಲ್ಲು ಕಾಣದಷ್ಟು ಕೂದಲು. ನಿನ್ನ ತೊಡೆಯ ಮೇಲೆ ಬೆಳೆದ ಹುಡುಗಿ, ಈಗ ಗದಗಿಗೆ ಕಾಲೇಜಿಗೆ ಹೋಗುತ್ತಾಳೆ. ಅವಳ ಅವ್ವ, ನನ್ನ ಸೊಸೆ ಲಲಿತಾ ದವಾಖಾನೆಗೆ ಕರೆದೊಯ್ಯೋಣ ಎಂದಳು. ನಾನು ಬಿಟ್ಟೆನೇ? ಬಚ್ಚಲ ಮೊಳೆಗೆ ನೇತುಹಾಕಿದ್ದ ಶಾಂಪೂ ಪಾಕೀಟಿನ ಸರ ಹರಿದು ತಿಪ್ಪೆಗೆ ಎಸೆದೆ. ಎಲ್ಲ ಇದರ ಕರ್ಮ, ನಮ್ಮಕ್ಕ ಜನ್ಮದಲ್ಲಿ ಇದನ್ನು ಮುಟ್ಟಲಿಲ್ಲ, ಅವಳ ತಲೆ ನೋಡಿದ್ದೀರಲ್ಲ ಎಂದೆ. ಲಲಿತಾ ಏನೋ ಹೇಳಲು ಬಾಯಿ ತೆರೆದಳು. ಮಗಳ ತಲೆ ನೋಡಿದಳು. ಬಾಯಿ ಮುಚ್ಚಿದಳು. ನನಗೆ ಹೆದರಿ ಸುಮ್ಮನಾದಳು ಎಂದುಕೊಂಡೆ...

ಅಲ್ಲಿಂದ ಏಳು ತಿಂಗಳು, ಒಂದು ಶುಕ್ರವಾರ ತಪ್ಪದಂತೆ ನಾನೇ ಎರೆದೆ. ಔಡಲೆಣ್ಣೆ ಹಚ್ಚಿದೆ, ಲೋಳಸರ ತಿಕ್ಕಿದೆ, ಹುಳಿಮಜ್ಜಿಗೆ ಹೊಯ್ದೆ. ಬಸ್ಸಿನಲ್ಲಿ ಹುಡುಗಿಯರು ಇವಳಿಂದ ದೂರ ಸರಿದು ಕೂರುತ್ತಾರಂತೆ, ಮಜ್ಜಿಗೆ ಗಡಿಗೆಯ ವಾಸನೆ ಎಂದು. ಅದನ್ನೂ ನುಂಗಿಕೊಂಡಳು ಹುಡುಗಿ. ಮೊದಲು ಕಿವಿಯ ಹಿಂದೆ ಎಂಟಾಣೆ ಅಗಲ ಬೋಳಾಯಿತು. ಆಮೇಲೆ ನೆತ್ತಿಯಲ್ಲಿ. ನಾನು ಸೀಗೆ ಹೆಚ್ಚು ಹಾಕಿದೆ. ಮತ್ತೇನು ಗೊತ್ತಿತ್ತು ನನಗೆ?

ಉದುರಿದ್ದನ್ನು ನೀನು ಕಲಿಸಿದಂತೆಯೇ ಬೆರಳಿಗೆ ಸುತ್ತಿ, ಉಂಡೆ ಮಾಡಿ, ಬಚ್ಚಲ ಗೋಡೆಯ ಸಂದಿಗೆ ಸಿಗಿಸುತ್ತ ಹೋದೆ. ಕಾರಹುಣ್ಣಿಮೆಯ ಹೊತ್ತಿಗೆ, ಊರೂರು ತಿರುಗಿ ಉದುರಿದ ಕೂದಲು ಕೊಳ್ಳುವ ಕೂದಲಿನವನು ಬಂದ. ಮೊದಲೆಲ್ಲ ಅವನು ಕೂದಲಿಗೆ ಪಿನ್ನು, ಸೂಜಿ ಕೊಡುತ್ತಿದ್ದ, ಬಹಳವಾದರೆ ಒಂದು ಚಮಚ. ಈ ಸಲ ರೇಣಿಯ ಉಂಡೆಗಳನ್ನು ಅಂಗೈಯಲ್ಲಿ ತೂಗಿ ನೋಡಿ ಅವನ ಮುಖ ಅರಳಿತು. "ಆಯಿ, ಮನ್ಯಾಗ ಲಗ್ನಕ್ಕ ಮಂದಿ ಬಂದಿತ್ತೇನು? ಹೋದ ಸಲಕ್ಕಿಂತ ದುಪ್ಪಟ್ಟ ಐತಲ್ಲ" ಎಂದ. ದೊಡ್ಡದೊಂದು ಸ್ಟೀಲಿನ ಬುಟ್ಟಿ ಎತ್ತಿಕೊಟ್ಟ. ಅದು ಅಡುಗೆಮನೆಯಲ್ಲಿದೆ. ಅದರಲ್ಲಿ ಯಾರೂ ರೊಟ್ಟಿ ಇಡುವುದಿಲ್ಲ.

ಇನ್ನೂ ಇದ್ದರೆ ಕೊಡಿ ಎಂದ. ಸುಳ್ಳು ಹೇಳುವುದಿಲ್ಲ ಅಕ್ಕ, ನನಗೆ ನಿನ್ನ ಸಂದಿ ನೆನಪಾಯಿತು. ಬಾಗಿಲ ಮೇಲಿನದು, ಎತ್ತರದವಳು ನೀನು, ಬೇರೆ ಯಾರ ಕೈಯೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಹೋದವಳ ಕೂದಲು ಮಾರಬಾರದು, ಗೊತ್ತಿದೆ. ಆದರೂ ಸ್ಟೂಲು ಹತ್ತಿ ಕೈಹಾಕಿದೆ. ನಿನ್ನ ಉದ್ದನೆಯ ಬಿಳಿ ಕೂದಲು ಬಂತು. ಒಂದೊಂದು ಉಂಡೆಯ ಒಳಗೂ ಸಣ್ಣಗೆ ಮಡಚಿದ್ದ ಖಾಲಿ ಶಾಂಪೂ ಪಾಕೀಟು.

ಕೂದಲಿನವನನ್ನು ಬೈದು ಅಟ್ಟಿದೆ. ಪಾಕೀಟು ಹಿಡಿದುಕೊಂಡು ಲಲಿತಾಳ ಮೇಲೆ ಹೋದೆ. ನಿನ್ನ ಹೊಲಸು ನಮ್ಮಕ್ಕನ ಸಂದಿಯಲ್ಲಿ ತುರುಕುತ್ತೀಯಾ ಎಂದು ಅವಳ ತವರನ್ನೂ ಎತ್ತಿ ಆಡಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿದಳು. ಹಿಟ್ಟು ಕೊಡವಿ ಹೇಳಿದಳು.

"ನಂದಲ್ರೀ ಅತ್ತಿ. ದೊಡ್ಡತ್ತಿಯವ್ರದ್ದು. ನಾನ ತಂದು ಕೊಡತಿದ್ದೆ."

ನಿನ್ನ ಕಣ್ಣಿನ ಪೊರೆ ತೆಗೆಸಿದ ಮೇಲಿನಿಂದ ಅಂತೆ. ಸೀಗೆಪುಡಿ ಕಣ್ಣಿಗೆ ಬೀಳಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಕುಟ್ಟುವುದು ಮಾತ್ರ ಬಿಡಲಿಲ್ಲ ನೀನು, ಮೂಗು ಕಣ್ಣಿಗೆಲ್ಲ ಸೆರಗು ಕಟ್ಟಿಕೊಂಡು ಕುಟ್ಟಿದೆ, ನನಗಾಗಿ. ಅಲ್ಲ ಅಕ್ಕ, ಅಷ್ಟು ಹೇಳಿದ್ದರೆ ನಾನೇನು ನಿನ್ನನ್ನು ನುಂಗುತ್ತಿದ್ದೆನೇ? ಅದು ಹೋಗಲಿ. ಮಧ್ಯಾಹ್ನ ಚಾಪೆಯ ಮೇಲೆ ಮಲಗಿದ್ದ ರೇಣಿಯ ನೆತ್ತಿಯ ಮೇಲೆ ಲಲಿತಾಳ ಕೈ ಇಡಿಸಿದೆಯಂತೆ. "ನೀಲಿಗೆ ಹೇಳಬ್ಯಾಡ. ನನ್ನ ತಲಿ ತೋರಿಸಿ ಊರಿಗೆಲ್ಲಾ ಬೈತಾಳ, ಗೊತ್ತಾದ್ರ ಆಕಿಗೆ ಬೈಯಾಕ ಏನೂ ಉಳಿಯೂದಿಲ್ಲ. ಆಣಿ ಮಾಡು" ಎಂದೆಯಂತೆ.

ಅಕ್ಕ, ಆಣೆ ಇಡಿಸಲು ನಿನಗೆ ಬೇರೆ ತಲೆ ಸಿಗಲಿಲ್ಲವೇ? ಅದೇ ತಲೆಯ ಕೂದಲು ಹಿಡಿ ಹಿಡಿ ಉದುರುವಾಗ, ಮಾತು ಮುರಿದರೆ ಇರುವುದೂ ಹೋದೀತು ಎಂದು ಹೆತ್ತವಳು ತುಟಿ ಕಚ್ಚಿ ಕೂತಿದ್ದಳು. ನಾನು ನಿನ್ನ ಹೆಸರು ಹೇಳಿ ಹೇಳಿ ಅವಳಿಗೇ ಬೈದೆ. ಏಳು ತಿಂಗಳು.

ಮರುದಿನವೇ ಗದಗಿಗೆ ಹೋದೆವು. ಡಾಕ್ಟರಮ್ಮ ಹಣೆಯಿಂದ ಕತ್ತಿನವರೆಗೆ ನೋಡಿದರು. ಇದು ಶಾಂಪೂದಿಂದ ಬಂದದ್ದಲ್ಲ, ಸೀಗೆಯಿಂದ ಹೋಗುವುದೂ ಅಲ್ಲ, ಮೈಯೇ ತನ್ನ ಕೂದಲನ್ನು ವೈರಿ ಎಂದು ತಿಳಿದು ಕೀಳುತ್ತಿದೆ ಎಂದರು. ಮೊದಲೇ ತಂದಿದ್ದರೆ ತಡೆದು ನೋಡಬಹುದಿತ್ತು, ಈಗ ಬಂದರೆ ಬಂತು, ಇಲ್ಲವಾದರೆ ಇಲ್ಲ. ಮೊದಲೇ ಏಕೆ ತರಲಿಲ್ಲ ಎಂದು ಕೇಳಿದಾಗ ಊರಿಗೆಲ್ಲ ಉತ್ತರ ಕೊಡುವ ನಿನ್ನ ನೀಲಿ ರೇಣಿಯ ತಲೆಗೆ ಓಢಣಿ ಹೊದಿಸಿದಳು. ಈಗ ಹುಬ್ಬೂ ಉದುರುತ್ತಿವೆ. ಔಷಧ ನಡೆದಿದೆ. ನನಗೇನೂ ಆಸೆಯಿಲ್ಲ. ರೇಣಿ ಓಢಣಿ ಬಿಗಿದುಕೊಂಡು ಕೆಲವು ದಿನ ಕಾಲೇಜಿಗೆ ಹೋದಳು. ಈಗ ಕಾಲೇಜನ್ನೇ ಬಿಟ್ಟಳು.

ಹೋದ ಶುಕ್ರವಾರ ತಾನಾಗಿ ಬಂದು ಬಚ್ಚಲ ಕಲ್ಲಿನ ಮೇಲೆ ಕೂತಳು. ರೂಢಿಯಂತೆ ನಾನು ಸೀಗೆಪುಡಿಯ ಡಬ್ಬಿಗೆ ಕೈ ಚಾಚಿದೆ. "ಬ್ಯಾಡ ಆಯಿ. ಶಾಂಪೂನೂ ಬ್ಯಾಡ, ಸೀಗಿನೂ ಬ್ಯಾಡ. ಬರೇ ನೀರ ಹಾಕು" ಎಂದಳು. ಹಾಕಿದೆ. ಎಳೆಗೂಸಿಗೆ ಎರೆದ ಹಾಗಿತ್ತು. ಕಣ್ಣು ಮುಚ್ಚು ಎಂದೆ. ಆಮೇಲೆ, ಉರಿಯುವಂಥದ್ದು ಏನೂ ಇಲ್ಲದೆ ಮುಚ್ಚುವುದೇಕೆ ಎಂದು ಹೊಳೆಯಿತು.

ಕಣ್ಣು ಮುಚ್ಚಿಕೊಂಡೇ ಅವಳು ಇನ್ನೊಂದು ಮಾತು ಹೇಳಿದಳು. "ನಡುವ ಒಂದ ಸಲ ಗೆಳತಿ ಮನ್ಯಾಗ ಕದ್ದು ಶಾಂಪೂ ಹಚ್ಚಿದ್ದೆ ಆಯಿ. ದೊಡ್ಡಾಯಿ ಜಲ್ಮದಾಗ ಮುಟ್ಟಿಲ್ಲಂತಿ ನೀ. ನಾ ಒಂದ ವರ್ಷಾನೂ ತಡಕೊಳ್ಳಲಿಲ್ಲ. ಅದಕ್ಕ ಹಿಂಗಾತು."

ಡಾಕ್ಟರು ಹೇಳಿದ್ದು ಅವಳ ತಲೆಗೆ ಹತ್ತಿಲ್ಲ. ನಾನು ಹೇಳಿದ್ದು ಹತ್ತಿದೆ. ನಿನ್ನ ದೊಡ್ಡಾಯಿಯೂ ಹಚ್ಚುತ್ತಿದ್ದಳು, ನಿನ್ನ ತಪ್ಪಲ್ಲ ಮಗಳೇ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತದೆ. ಹೇಳಹೋದರೆ ಲಲಿತಾ ನನ್ನ ಕಾಲು ಹಿಡಿಯುತ್ತಾಳೆ. ನಿಮಗೆ ಹೇಳಿದ್ದಕ್ಕೇ ಹುಬ್ಬು ಹೋದವು, ಮಗಳಿಗೂ ಹೇಳಿದರೆ ಏನು ಹೋಗುತ್ತದೋ, ಆಣೆ ಇಡಿಸಿದವರೇ ಬಿಡಿಸಬೇಕು ಎನ್ನುತ್ತಾಳೆ. ಹುಚ್ಚಿ ಎಂದು ಬೈಯೋಣವೆಂದರೆ ನನ್ನ ಬಾಯಿಯಲ್ಲಿ ಈಗ ಮೊದಲಿನ ಬಲ ಇಲ್ಲ.

ಅದಕ್ಕೇ ಈ ಚೀಟಿ. ನಿನ್ನ ಕೂದಲನ್ನು ಇದ್ದಲ್ಲೇ ಇಟ್ಟಿದ್ದೇನೆ, ಇದನ್ನೂ ಅದರೊಳಗೆ ಸುತ್ತಿ ಸಿಗಿಸುತ್ತೇನೆ. ಕೂದಲು ತಿರುಗಿ ಕೊಡು ಎಂದು ಕೇಳುತ್ತಿಲ್ಲ, ಅದು ನಿನ್ನ ಕೈಯಲ್ಲೂ ಇಲ್ಲ. ಆಣೆ ಮಾತ್ರ ಬಿಡು. ನನ್ನ ಕನಸಿಗೆ ಬರಬೇಡ, ನಾನು ಹೇಳಿದರೆ ಇನ್ನು ಈ ಮನೆಯಲ್ಲಿ ನಂಬುವವರಿಲ್ಲ. ಲಲಿತಾಳ ಕನಸಿಗೆ ಹೋಗು. "ಬಿಟ್ಟೆ" ಎನ್ನು, ಅಷ್ಟು ಸಾಕು. ಈಗ ಆಷಾಢ ನಡೆದಿದೆ. ಶ್ರಾವಣ ಹುಟ್ಟುವುದರೊಳಗೆ ಉತ್ತರ ಕೊಡು.