ತಂತಿಯಲ್ಲಿಲ್ಲದ ದೀರ್ಘ

ಕಲ್ಯಾಣಪುರ,
೧೦-೪-೧೯೫೮

ಚಿರಂಜೀವಿ ರತ್ನಾವತಿಗೆ ತಂದೆಯ ಆಶೀರ್ವಾದಗಳು.

ನೀನು ಲೂಯಿಸರನ್ನು ವರಿಸಿದ ಮೇಲೆ ನಾನು ನಿನಗೆ ಒಂದು ಕಾಗದವನ್ನೂ ಬರೆದಿರಲಿಲ್ಲ. ಮೊನ್ನೆ ನಿನ್ನನ್ನು ಮನೆಗೆ ಬರಹೇಳಲು ನಮ್ಮ ಆಳು ದೇಜಪ್ಪನನ್ನು ಕಾರ್ಕಳಕ್ಕೆ ಕಳುಹಿಸಿದೆ. ಉತ್ತರವಾಗಿ ನಿನ್ನ ತಂತಿ ಬಂದಿತು. ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದ: BARE. ಅದು ಬರುವುದಿಲ್ಲವೆಂಬ ‘ಬಾರೆ’ಯೋ, ಪತ್ರ ಬರೆಯೆಂಬ ‘ಬರೆ’ಯೋ ಎಂದು ಅಂಚೆಯ ಚೆನ್ನಪ್ಪನನ್ನು ಕೇಳಿದೆನು.

“ಪಂಡಿತರೇ, ತಂತಿಯ ಟಕಟಕದಲ್ಲಿ ದೀರ್ಘ ಎಲ್ಲಿ ಉಂಟು ಮಾರಾಯ್ರೆ?” ಎಂದು ನಕ್ಕನು.

ಮಗಳು ತಂದೆಗೆ ‘ಬರೆಯಿರಿ’ ಎನ್ನಬೇಕು. ಆದುದರಿಂದ ವ್ಯಾಕರಣದಂತೆ ಅದು ‘ಬಾರೆ’ಯೇ, ಆ ರೂಪವನ್ನು ನಿನಗೆ ಕಲಿಸಿದವನೂ ನಾನೇ. ಆದರೂ ವ್ಯಾಕರಣವನ್ನು ಬದಿಗಿಟ್ಟು, ‘ಬರೆ’ ಎಂದೇ ಓದಿಕೊಂಡು, ಇದೋ ಬರೆದಿದ್ದೇನೆ.

ಶಂಕರಪುರದ ಮಲ್ಲಿಗೆಯನ್ನು ತರಿಸಿಡುತ್ತೇನೆ. ಅಳಿಯಂದಿರನ್ನೂ ಕರೆದುಕೊಂಡು ಬಾ. ಉತ್ತರಕ್ಕೆ ತಂತಿ ಬೇಡ.

ನಿನ್ನ ದಾರಿ ನೋಡುತ್ತಿರುವ,
ಅಪ್ಪ