ಅವ್ವನ ಪಾಲಿನ ಹುರುಳಿ

ನನ್ನವ್ವಾ,

ಇವತ್ತು ಹುರುಳಿ ಬೇಯಿಸಿದೆ. ಆ ವಾಸನೆ ಹಿತ್ತಲು ತುಂಬಿದಾಗ ನೀನೇ ಒಲೆ ಮುಂದೆ ಕೂತಿದ್ದೀಯೇನೋ ಅನ್ನಿಸಿ ತಿರುಗಿ ನೋಡಿದೆ... ನಾನು ಓದಿದ್ದು ನಾಲ್ಕನೇ ಕ್ಲಾಸು. ನಿನಗೆ ಬರೆಯಲು ಅಷ್ಟು ಸಾಕಲ್ಲವಾ?

ನೆನಪಿದೆಯಾ, ಅಪ್ಪ ಗೌರಿಯನ್ನು ಮನೆಗೆ ತಂದ ಹೊಸತು? ಪಟ್ಟಣದ ಬಸ್ ಸ್ಟ್ಯಾಂಡಿನಿಂದ ಸಂಗಮಕ್ಕೆ ಜಟಕಾ ಎಳೆಯುತ್ತಿದ್ದ ಆ ಕುದುರೆಯೇ ನಮ್ಮ ಅನ್ನ. ಕುದುರೆಗೆ ಹುರುಳಿ ಎಷ್ಟು ಹಾಕಿದರೂ ಒಳ್ಳೆಯದೇ ಎಂದು ನಮ್ಮ ಬೀದಿಯೆಲ್ಲ ನಂಬಿತ್ತು. ಸಂತೆಬಾಚಹಳ್ಳಿಯ ನಿನ್ನ ತವರಿನಿಂದ ಹುರುಳಿ ಬರುತ್ತಿತ್ತು. ಅಪ್ಪ ಕಡಿಮೆ ಹಾಕುತ್ತಾರೆಂದು ನೀನು ಅವರಿಗೆ ಕಾಣದಂತೆ ಹಾಕುತ್ತಿದ್ದೆ. ತವರಿನ ಹುರುಳಿಗೆ ನಿನ್ನ ಕೈ ಬಿಗಿ ಎಂದು ಅಪ್ಪ ನಿನಗೆ ಕಾಣದಂತೆ.

ಲಾಳ ಕಟ್ಟಲು ಬಂದ ಬಾಷಣ್ಣ ಲಾಯಕ್ಕೆ ಕಾಲಿಟ್ಟವರೇ ಮೂಗು ಮುಚ್ಚಿಕೊಂಡರಲ್ಲ! ಉಚ್ಚೆಯ ಘಾಟಿಗೆ ಕಣ್ಣುರಿ. ಗೌರಿ ನಿಂತಲ್ಲೇ ಬೆವರುತ್ತಿತ್ತು, ಬಕೀಟುಗಟ್ಟಲೆ ನೀರು ಕುಡಿಯುತ್ತಿತ್ತು.

“ಏನಕ್ಕಾ, ಕುದ್ರೆ ಸಾಕ್ತಿದ್ದೀರೋ, ಹುರುಳಿ ಚೀಲ ತುಂಬ್ತಿದ್ದೀರೋ?”

“ನಾನೆಲ್ಲಿ ಹಾಕ್ದೆ? ಒಂದೇ ಬೊಗ್ಸೆ,” ಅಂದೆ ನೀನು.

“ನಾನೂ ಒಂದೇ ಕಣಮ್ಮಿ,” ಎಂದರು ಅಪ್ಪ, ಗೋಡೆ ನೋಡುತ್ತಾ.

“ಓಹೋ, ಗಂಡ ಎಂಡ್ರು ಕದ್ದು ಕದ್ದು ಬಡುಸ್ತಾವ್ರೆ!” ಬಾಷಣ್ಣ ನಕ್ಕುಬಿಟ್ಟರು. “ಹುರುಳಿ ಮೈ ಕಟ್ಟಕ್ಕೆ, ಜಾಸ್ತಿಯಾದ್ರೆ ಇಂಗೇ ಬೆವ್ರು, ಉಚ್ಚೆ ಘಾಟು. ಗಾಡಿ ಎಳ್ಯಕ್ಕೆ ಹುಲ್ಲು, ನುಚ್ಚು ಬೇಕು. ಇಬ್ರೂ ಎದ್ರುಗೇ ಹಾಕ್ರಪ್ಪ.”

ಅವತ್ತಿನಿಂದ ಜೋಳದ ನುಚ್ಚು ಅಪ್ಪನ ಪಾಲು, ಹುರುಳಿ ನಿನ್ನದು. ಗೌರಿ ತಿನ್ನುವ ಬಾನಿಯ ಆಚೆ ಅವರು, ಈಚೆ ನೀನು. ಬಾಡಿಗೆಯಿಲ್ಲದ ದಿನ ನುಚ್ಚು ಕಡಿಮೆ. “ನಿಮ್ ನುಚ್ಚು ಜಾಸ್ತಿಯಾಯ್ತು, ತೆಗೀರಿ.” “ನಿನ್ ಹುರುಳಿ ನೋಡ್ಕಳಮ್ಮಿ.” ಈ ಜಗಳ ಕೇಳದೆ ನನಗೆ ಬೆಳಗಾಗುತ್ತಿತ್ತಾ?

ನೀನು ಕಣ್ಣು ಮುಚ್ಚಿದಾಗ ಗೌರಿ ಗಬ್ಬ. ಅಪ್ಪ ನುಚ್ಚು ಹಾಕಿ, ಬಾನಿಯ ಪಕ್ಕ ಸ್ವಲ್ಪ ಹೊತ್ತು ನಿಂತು, ಹೊರಟುಬಿಡುತ್ತಿದ್ದರು. ಹುರುಳಿ ಗಡಿಗೆಯನ್ನು ಮುಟ್ಟಲೇ ಇಲ್ಲ. ಅದು ನಿನ್ನ ಪಾಲಲ್ಲವಾ... ಗೌರಿ ಬಡವಾದಷ್ಟೂ ನುಚ್ಚನ್ನೇ ಹೆಚ್ಚಿಸಿದರು. ಹೊಟ್ಟೆ ದಪ್ಪಗಾಯಿತು, ಬೆನ್ನುಮೂಳೆ ಮಾತ್ರ ಎದ್ದೇ ಇತ್ತು. ಬಾಷಣ್ಣ ನನ್ನನ್ನು ಪಕ್ಕಕ್ಕೆ ಕರೆದು, “ಇಂಗೇ ಆದ್ರೆ ಮರಿಗೆ ಹಾಲೆಲ್ಲಿಂದ ಬಂದದು ಮಗಾ? ಅಪ್ಪಂಗೆ ನೀನಾದ್ರೂ ಹೇಳು,” ಎಂದರು.

ಅಪ್ಪನ ಮುಂದೆ ನಾನು ಯಾವತ್ತು ಬಾಯಿ ಬಿಟ್ಟಿದ್ದೇನೆ, ನೀನೇ ಹೇಳು? ಮರುದಿನ ಬೆಳಿಗ್ಗೆ ಹುರುಳಿ ಬೇಯಿಸಿ, ಆರಿಸಿ, ನೀನು ನಿಲ್ಲುತ್ತಿದ್ದ ಕಡೆ ಹೋಗಿ ನಿಂತೆ. ಅಪ್ಪ ನುಚ್ಚು ಸುರಿದು ತಲೆಯೆತ್ತಿದರು. ನಾನು ತಲೆ ತಗ್ಗಿಸಿ ಒಂದು ಬೊಗಸೆ ಹಾಕಿದೆ. ಬೈಯುತ್ತಾರೆ ಎಂದುಕೊಂಡೆ. ಅಪ್ಪ ತಮ್ಮ ನುಚ್ಚಿನಲ್ಲಿ ಒಂದಿಷ್ಟು ತಾವೇ ವಾಪಸ್ ತೆಗೆದು ಅಂದರು:

“ನಿಮ್ಮವ್ವನ್ ಬೊಗ್ಸೆ ದೊಡ್ದು ಕಣವ್ವ. ಇನ್ನೊಂದು ಹಿಡಿ ಹಾಕು.”

ಅವ್ವಾ, ಗೌರಿ ಮರಿ ಹಾಕಿದೆ. ಹೆಣ್ಣು. ಹಣೆಯಲ್ಲಿ ಬಿಳಿ ಚುಕ್ಕಿ. ಕೆಚ್ಚಲಿಗೆ ಬಾಯಿ ಹಾಕಿದರೆ ಮೂತಿಯೆಲ್ಲ ಹಾಲು. ನಾಳೆಯೂ ಹಾಕುತ್ತೇನೆ, ನನ್ನದೊಂದು ಬೊಗಸೆ, ಅದರ ಮೇಲೆ ನಿನ್ನದೊಂದು ಹಿಡಿ.