ಕೈಯಲ್ಲುಳಿದ ಬಾಲ

ಮಗಳೇ,

ಹಲ್ಲಿ ಕಂಡರೆ ಪೊರಕೆ ಹುಡುಕುವವನು ನಾನು. ಯಾರೋ ಅನ್ನನೀರಿಲ್ಲದೆ ಬಿಟ್ಟುಹೋದ ಸಾಕುಹಲ್ಲಿಯನ್ನು ಡಬ್ಬಿಯಲ್ಲಿ ಹಾಕಿ, ಚೀಟಿ ಬರೆದು, ನನ್ನ ಗಡಿಯಾರ ರಿಪೇರಿ ಅಂಗಡಿಯ ಮುಂದೆಯೇ ಇಟ್ಟು, ಒಳಗೂ ಬರದೆ ಹೋದೆಯಲ್ಲ! ಅದು ಬದುಕಿದೆ. ಕಳಚದೆ ಅದರ ಬೆರಳಿಗಂಟಿದ್ದ ಒಣ ಪೊರೆಯನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಗಡಿಯಾರದ ಮುಳ್ಳು ಎತ್ತುವ ಚಿಮಟದಿಂದ ಬಿಡಿಸಿದೆ.

ಒಂದು ತಪ್ಪಾಯಿತು. ತಪ್ಪಿಸಿಕೊಂಡೀತೆಂದು ಬಾಲ ಹಿಡಿದೆ. ಬಾಲವನ್ನು ನನ್ನ ಕೈಯಲ್ಲೇ ಬಿಟ್ಟು ಓಡಿತು. "ಹೆದರಿದ್ರೆ ಹಾಗೇ ಮಾಡುತ್ತೆ. ಹಿಡೀಬೇಡಿ ಯಜಮಾನ್ರೇ, ಕೈ ಚಾಚಿ ಸುಮ್ನೆ ಕೂತ್ಕೊಳ್ಳಿ, ಅದೇ ಬರುತ್ತೆ" ಎಂದರು ಪ್ರಾಣಿವೈದ್ಯರು. ಹದಿನೇಳು ದಿನ ಕೂತೆ. ನಿನ್ನೆ ಅಂಗೈಗೆ ಬಂತು.

ನೀನು ಮನೆ ಬಿಟ್ಟ ದಿನ ನನ್ನ ಕೈಯಲ್ಲೇ ಉಳಿದ ನಿನ್ನ ಚೀಲ ಗೂಟದಲ್ಲಿದೆ. ನಾನು ಎಳೆದು ಕಿತ್ತ ಪಟ್ಟಿಯನ್ನು ಹೊಲಿಸಿದ್ದೇನೆ. ಬಂದು ತೆಗೆದುಕೋ. ಹಿಡಿದು ನಿಲ್ಲಿಸುವುದಿಲ್ಲ.

ನಿನ್ನ ಅಪ್ಪ